ಹಗೇವಿನ ರಾಗಿ ಉಂಡ ವರ್ಷ

ಹೋದ ವರ್ಷ ಮದ್ದೂರಿನಿಂದ ಮಳವಳ್ಳಿಗೆ ಹೋಗುತ್ತಿದ್ದಾಗ, ಭಾರತೀನಗರ ದಾಟಿ ಸ್ವಲ್ಪ ದೂರದಲ್ಲಿ ಬಸ್ಸು ನಿಂತುಬಿಟ್ಟಿತು. ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಜೆಸಿಬಿ ಯಾರದೋ ಹಳೆಯ ಹಿತ್ತಿಲನ್ನು ಕೆರೆಯುತ್ತಿದ್ದಾಗ ನೆಲ ಒಂದು ಕಡೆ ಕುಸಿದು ದೊಡ್ಡ ಬಿಲ ಬಿದ್ದಿತ್ತು. ಜನ ಸುತ್ತ ನಿಂತು ಬಗ್ಗಿ ನೋಡುತ್ತಿದ್ದರು. ಹಳೇ ಬಾವಿ ಇರಬೇಕು ಎಂದರು ಒಬ್ಬರು. ಸುರಂಗ ಎಂದರು ಇನ್ನೊಬ್ಬರು. ಅಷ್ಟರಲ್ಲಿ ಕಿಟಕಿಯ ಬಳಿ ಕೂತಿದ್ದ ನನ್ನ ಮೂಗಿಗೆ ವಾಸನೆ ಬಡಿಯಿತು. ತೇವದ ಮಣ್ಣು, ಕೊಳೆತ ಹುಲ್ಲು, ಅದರೊಳಗೆ ಹುಳಿಯಾದ ಹಿಟ್ಟಿನಂಥ ಒಂದು ಘಾಟು. ಅರವತ್ತು ವರ್ಷಕ್ಕೂ ಮೇಲಾಗಿತ್ತು ಆ ವಾಸನೆ ಕುಡಿದು. ನನ್ನ ಕೈ ತಾನಾಗಿ ಮುಂದಿನ ಸೀಟಿನ ಕಂಬಿ ಹಿಡಿಯಿತು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಏನಾಯಿತಜ್ಜಿ ಎಂದು ಕೇಳಿದಳು. ಅದು ಬಾವಿಯೂ ಅಲ್ಲ ಸುರಂಗವೂ ಅಲ್ಲ, ಹಗೇವು ಎಂದೆ. ಹಾಗೆಂದರೇನು ಎಂದಳು. ನೆಲ ಕೊರೆದು ರಾಗಿ ತುಂಬಿ ಬಾಯಿ ಮುಚ್ಚಿಡುವ ಗುಂಡಿ ಎಂದು ಹೇಳುವಷ್ಟರಲ್ಲಿ ಬಸ್ಸು ಹೊರಟಿತು. ಹೇಳಬೇಕಾದ್ದು ಬಹಳ ಉಳಿದುಹೋಯಿತು.

ನಾನು ಮದುವೆಯಾಗಿ ಹುಣಸೆಕೊಪ್ಪಲಿಗೆ ಬಂದಾಗ ಹದಿನಾರು ವರ್ಷ. ಮಂಡ್ಯದಲ್ಲಿ ಬೆಳೆದವಳು, ಮೇಷ್ಟರ ಮಗಳು. ನಮ್ಮ ಮನೆಯಲ್ಲಿ ಕರೆಂಟು ದೀಪವಿತ್ತು. ಕೊಪ್ಪಲಿನ ಈ ಮನೆಯಲ್ಲಿ ಇದ್ದವರು ನಾಲ್ಕೇ ಜನ. ಮಾವ, ನಮ್ಮ ಯಜಮಾನರು, ಈಗ ನಾನು, ಮತ್ತು ಮಾವನ ತಾಯಿ ಚೆನ್ನಜ್ಜಿ. ಅತ್ತೆ ತೀರಿಹೋಗಿ ವರ್ಷಗಳಾಗಿದ್ದವು. ಮನೆ ನಡೆಸುತ್ತಿದ್ದವಳು ಅಜ್ಜಿಯೇ. ಎರಡು ಕಣ್ಣಿಗೂ ಪೊರೆ ಬಂದು ಹತ್ತು ವರ್ಷದಿಂದ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ನಾನು ಹಜಾರ ದಾಟಿದರೆ ಯಾವ ಕಾಲಿನ ಕಾಲುಂಗುರ ಸಡಿಲವಾಗಿದೆ ಎಂದು ಹೇಳುತ್ತಿದ್ದಳು.

ನಾನು ಬಂದ ತಿಂಗಳೊಪ್ಪತ್ತಿನಲ್ಲಿ ಜಪಾನಿನವರು ರಂಗೂನನ್ನು ಹಿಡಿದ ಸುದ್ದಿ ಬಂತು. ಮಾವ ಪಕ್ಕದ ಊರು ದೊಡ್ಡಿಯ ಅಂಗಡಿಯಲ್ಲಿ ಪೇಪರು ಓದಿಸಿಕೊಂಡು ಬಂದು ಜಗಲಿಯ ಮೇಲೆ ಕೂತು ಎಲ್ಲರಿಗೂ ಹೇಳಿದರು. ಬರ್ಮಾದ ಅಕ್ಕಿ ಇನ್ನು ಬರುವುದಿಲ್ಲ, ಮದರಾಸಿನಲ್ಲಿ ಜನ ಊರು ಖಾಲಿ ಮಾಡುತ್ತಿದ್ದಾರೆ, ಬೆಂಗಳೂರಿನಲ್ಲಿ ಕಿಟಕಿಗಳಿಗೆ ಕರೀ ಕಾಗದ ಅಂಟಿಸುತ್ತಿದ್ದಾರೆ ಎಂದರು. ಎಲ್ಲರೂ ಬಾಂಬಿನ ಮಾತಾಡಿದರು. ಅಜ್ಜಿ ಮಾತ್ರ ಒಂದೇ ಪ್ರಶ್ನೆ ಕೇಳಿದಳು.

"ಉಪ್ಪು ಎಲ್ಲಿಂದ ಬತ್ತದಲಾ?"

"ಸಮುದ್ರದಿಂದ ಕಣವ್ವ. ರೈಲಲ್ಲಿ ಬತ್ತದೆ."

"ರೈಲು ನಿಂತೋದ್ರೆ?"

ಮಾರನೆಯ ದಿನವೇ ಅಜ್ಜಿ ಗಾಡಿ ಕಟ್ಟಿಸಿ ಮಾವನನ್ನು ಮದ್ದೂರಿಗೆ ಕಳಿಸಿದಳು. ನಾಲ್ಕು ಜನರ ಮನೆಗೆ ಅರ್ಧ ಗಾಡಿ ಉಪ್ಪು ಬಂದು ಇಳಿಯಿತು. ಊರಿನ ಹೆಂಗಸರು ನೀರಿಗೆ ಬಂದಾಗ ನನ್ನ ಹತ್ತಿರ, ನಿಮ್ಮಜ್ಜಿ ಮೀನಿಗೆ ಉಪ್ಪು ಹಾಕಿ ಒಣಗಿಸ್ತಾಳಾ ಎಂದು ನಕ್ಕರು. ನಾನೂ ನಕ್ಕೆ. ಆಗ ನನಗೆ ಅಜ್ಜಿಯದು ಮುದಿತನದ ಭಯ ಅನ್ನಿಸಿತ್ತು.

ಆ ಬೇಸಗೆಯಿಡೀ ಅವಳು ನನ್ನನ್ನು ಕೂರಲು ಬಿಡಲಿಲ್ಲ. ಸೀಮೆಎಣ್ಣೆ ಸಿಗುತ್ತಿದ್ದಾಗಲೇ ಹೊಂಗೆಬೀಜ ಆಯಿಸಿದಳು. ಹರಳು ಬೇಯಿಸಿ ಎಣ್ಣೆ ತೆಗೆಯುವುದನ್ನು ಕಲಿಸಿದಳು. ಸೋರೆಬುರುಡೆಗಳನ್ನು ಒಣಗಿಸಿ ಒಳಗೆ ಬೂದಿ ಹಾಕಿ, ಅವರೆ, ಹುರುಳಿ, ಕುಂಬಳ, ಸೌತೆಗಳ ಬಿತ್ತನೆ ಬೀಜ ತುಂಬಿ ಬಾಯಿಗೆ ಸಗಣಿ ಮೆತ್ತಿ ಅಟ್ಟದ ಮೇಲೆ ಸಾಲಾಗಿ ಇಡಿಸಿದಳು. ಬೆಂಕಿಪೊಟ್ಟಣ ಮುಟ್ಟಕೂಡದು ಎಂದು ಕಟ್ಟಪ್ಪಣೆಯಾಯಿತು. ಒಲೆಯ ಕೆಂಡವನ್ನು ಬೆರಣಿಯೊಳಗೆ ಸೇರಿಸಿ ಬೂದಿ ಮುಚ್ಚಿ ಬೆಳಿಗ್ಗೆಯವರೆಗೆ ಉಳಿಸುವುದು ನನ್ನ ಕೆಲಸ. ಎರಡು ಸಲ ಆರಿಸಿಬಿಟ್ಟೆ. ಎರಡು ಸಲವೂ ಅವಳು ಬೈಯಲಿಲ್ಲ. ತೆಂಗಿನ ಚಿಪ್ಪು ಕೈಗೆ ಕೊಟ್ಟು, ನಾಲ್ಕು ಮನೆ ತಿರುಗಿ ಕೆಂಡ ಕೇಳಿಕೊಂಡು ಬರಲು ಕಳಿಸಿದಳು. ಹೊಸ ಸೊಸೆ ಬೆಂಕಿ ಕೇಳಲು ಬಂದಳು ಎಂದು ಜನ ಆಡಿಕೊಂಡ ಮೇಲೆ ನನ್ನ ಒಲೆ ಮತ್ತೆಂದೂ ಆರಲಿಲ್ಲ.

ಹಗ್ಗದ ವಿಷಯದಲ್ಲಂತೂ ಅವಳದು ಹಠ. ಸೆಣಬನ್ನು ಕೆರೆಯಲ್ಲಿ ಕೊಳೆಹಾಕಿ, ನಾರು ಸುಲಿದು, ಮಾವ ಮತ್ತು ನಮ್ಮ ಯಜಮಾನರು ಹೊಸೆದರು. ಬಾವಿಗೆ ಸಾಕಾಗುವಷ್ಟು ಆಯಿತೆಂದರೂ ಇನ್ನೂ ಹೊಸೆಯಿರಿ ಎಂದಳು. ಹೊಸೆದದ್ದನ್ನು ಮಡಿಲಲ್ಲಿ ಹಾಕಿಕೊಂಡು ಗೇಣುಗೇಣಿಗೂ ಬೆರಳಾಡಿಸುತ್ತಿದ್ದಳು. ಎಲ್ಲೋ ಒಂದು ಎಳೆ ಸಡಿಲವಾಗಿದ್ದರೆ ಅಲ್ಲಿಗೆ ಬಂದು ಬೆರಳು ನಿಲ್ಲುತ್ತಿತ್ತು. ಅಲ್ಲಿಂದ ಬಿಚ್ಚಿ ಮತ್ತೆ ಹೊಸೆಯಬೇಕು. ನಮ್ಮ ಯಜಮಾನರು ಬೇಸತ್ತು, ಯಾವ ಆನೆ ಕಟ್ಟಬೇಕಜ್ಜಿ ಎಂದು ಕೇಳಿದ್ದು ನೆನಪಿದೆ. ನನಗೂ ಅವರಿಗೂ ಆಗ ಇನ್ನೂ ಹೆಚ್ಚು ಮಾತಿರಲಿಲ್ಲ. ಅವರು ಹಾಗೆ ಅಂದಾಗ ನಾನು ಬಾಗಿಲ ಮರೆಯಲ್ಲಿ ನಕ್ಕದ್ದು ಅವರಿಗೆ ಕೇಳಿಸಿತು. ತಿರುಗಿ ನೋಡಿದರು. ಅಷ್ಟೇ.

ಯುಗಾದಿ ಕಳೆದ ಮೇಲೆ ಬೆಂಗಳೂರಿನಿಂದ ಮಾವನ ತಂಗಿ ಲಕ್ಷ್ಮಮ್ಮ, ಅವರ ಗಂಡ ತಿಮ್ಮಪ್ಪನವರು, ಅವರ ಐವರು ಮಕ್ಕಳು ಬಂದಿಳಿದರು. ತಿಮ್ಮಪ್ಪನವರು ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಬಾಂಬಿನ ಭಯಕ್ಕೆ ಹೆಂಡತಿ ಮಕ್ಕಳನ್ನು ಬಿಟ್ಟುಹೋಗಲು ಬಂದವರು ತಾವೂ ಉಳಿದರು. ಹಿಂದೆಯೇ ತಿಮ್ಮಪ್ಪನವರ ವಿಧವೆ ತಂಗಿ ತನ್ನ ಎರಡು ಮಕ್ಕಳೊಂದಿಗೆ ಬಂದಳು. ಅಲ್ಲಿಗೆ ಮನೆಯಲ್ಲಿ ಹದಿನಾಲ್ಕು ಬಾಯಿ. ಜಾಗ ಎಲ್ಲಿದೆ ಎಂದು ಮಾವ ತಲೆ ಕೆರೆದುಕೊಂಡರು. ಅಜ್ಜಿ ಒಬ್ಬೊಬ್ಬರ ತಲೆ ಮುಟ್ಟಿ ಎತ್ತರ ನೋಡಿ, ದೊಡ್ಡವರೆಷ್ಟು ಚಿಕ್ಕವರೆಷ್ಟು ಎಂದು ತನ್ನೊಳಗೆ ಲೆಕ್ಕ ಹಾಕಿಕೊಂಡು, ಆ ದಿನದಿಂದಲೇ ಮುದ್ದೆಯನ್ನು ಅರ್ಧ ಹಿಡಿ ಚಿಕ್ಕದು ಮಾಡಿಸಿದಳು.

ಬೆಂಗಳೂರಿನ ಹೆಂಗಸರು ಮೊದಲು ಮುಖ ಸಿಂಡರಿಸಿದರು. ಹೊಂಗೆಎಣ್ಣೆಯ ದೀಪದ ಹೊಗೆಗೆ ಕಣ್ಣುರಿ ಎಂದರು. ಆದರೆ ಜ್ಯೇಷ್ಠ ಮಾಸಕ್ಕೆ ದೊಡ್ಡಿಯಲ್ಲಿ ಸೀಮೆಎಣ್ಣೆ ಇಲ್ಲವಾಯಿತು. ಆಷಾಢಕ್ಕೆ ಉಪ್ಪಿಗೆ ಜನ ಅಲೆಯತೊಡಗಿದರು. ನೀರಿನ ಹತ್ತಿರ ನಕ್ಕಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಟ್ಟಲು ಮರೆಮಾಡಿಕೊಂಡು ಹಿಂಬಾಗಿಲಿಗೆ ಬಂದರು. ಅಜ್ಜಿ ಅವರನ್ನು ಬಳೆಯ ಸದ್ದಿನಲ್ಲೇ ಗುರುತಿಸುತ್ತಿದ್ದಳು. ಯಾರ ಹತ್ತಿರವೂ ಹಳೆಯ ಮಾತು ಎತ್ತಲಿಲ್ಲ. ನಾನು ಒಳಗೆ ಉಪ್ಪು ತುಂಬುತ್ತ, ಈ ಕುರುಡು ಮುದುಕಿ ನಮಗೆ ಕಾಣದ ಇನ್ನೇನೇನು ನೋಡುತ್ತಿದ್ದಾಳೋ ಎಂದು ಮೊದಲ ಸಲ ಯೋಚಿಸಿದೆ.

ಕೊರತೆ ಬಿದ್ದದ್ದು ರಾಗಿಗೆ. ಸರ್ಕಾರದವರು ಊರೂರಿಗೆ ಬಂದು ಧಾನ್ಯ ಅಳೆದುಕೊಂಡು ಹೋಗುತ್ತಿದ್ದರು. ನಮ್ಮ ಮನೆಗೆ ಬಂದಾಗ ಪುಸ್ತಕದಲ್ಲಿ ಇದ್ದದ್ದು ನಾಲ್ಕು ಜನ. ನಾಲ್ಕು ಜನಕ್ಕೆ ಬಿಟ್ಟು ಉಳಿದದ್ದನ್ನು ಅಳೆಸಿಕೊಂಡರು. ಶ್ರಾವಣದಲ್ಲಿ ನಾನು ಕಣಜಕ್ಕೆ ಇಳಿದಾಗ ಮೊರ ತಳಕ್ಕೆ ತಾಗಿ ಕರಕರ ಎಂದಿತು. ಹೊಲದ ರಾಗಿ ಇನ್ನೂ ಗೇಣುದ್ದದ ಪೈರು. ಕಟಾವಿಗೆ ನಾಲ್ಕು ತಿಂಗಳಿತ್ತು. ಅಜ್ಜಿ ಅಣ್ಣೆಸೊಪ್ಪು, ಕಿರಕೀರೆ, ಹೊನಗೊನೆ ಎಂದು ಬೇಲಿಯ ಸೊಪ್ಪೆಲ್ಲ ತರಿಸಿ, ಮೂಸಿ ಮುಟ್ಟಿ ಆರಿಸಿ ಬೇಯಿಸಿದಳು. ಬೆಳಿಗ್ಗೆ ಅಂಬಲಿ, ಸಂಜೆ ಒಂದು ಸಣ್ಣ ಮುದ್ದೆ. ಲಕ್ಷ್ಮಮ್ಮನ ಕಡೆಯ ಮಗು ಊಟವಾದ ಮೇಲೆ ಖಾಲಿ ತಟ್ಟೆಯನ್ನು ಬಹಳ ಹೊತ್ತು ಹಿಡಿದು ಕೂತಿರುತ್ತಿತ್ತು. ಅದರ ಉಸಿರಾಟ ಕೇಳಿಯೇ ಅಜ್ಜಿಗೆ ಗೊತ್ತಾಗುತ್ತಿತ್ತೇನೋ. ಒಂದು ದಿನ ತನ್ನ ಮುದ್ದೆಯನ್ನು ಆ ತಟ್ಟೆಗೆ ಜಾರಿಸಿ, ಎದ್ದು ಕೈ ತೊಳೆದುಕೊಂಡು ಬಂದು ಮಾವನ ಮುಂದೆ ಕೂತಳು.

"ಅಗೇವು ತೆಗೆಯೋ ಕಾಲ ಬಂತು ಕಣ್ಲಾ" ಎಂದಳು.

ಮಾವ ಆ ಮಾತನ್ನು ಚಿಕ್ಕಂದಿನಿಂದ ಕೇಳಿದ್ದರಂತೆ. ಅದೊಂದು ಕತೆ ಎಂದುಕೊಂಡಿದ್ದರು. ಪ್ಲೇಗು ಮೊದಲ ಸಲ ಈ ಕಡೆಗೆ ಬಂದ ವರ್ಷ, ಅಜ್ಜಿಯ ಅತ್ತೆ ಹಿತ್ತಿಲಲ್ಲಿ ಹಗೇವು ತೋಡಿಸಿ ಒಂದು ಸುಗ್ಗಿಯ ರಾಗಿಯನ್ನೆಲ್ಲ ಅದಕ್ಕೆ ಸುರಿಸಿದ್ದಳು. ಅವಳು ಅದಕ್ಕೂ ಹಿಂದಿನ ದೊಡ್ಡ ಬರದಲ್ಲಿ ತನ್ನ ಇಬ್ಬರು ಮಕ್ಕಳನ್ನು ಕಳೆದುಕೊಂಡವಳು. ಹಗೇವು ಮುಚ್ಚಿದ ಸ್ವಲ್ಪ ದಿನಕ್ಕೆ ಊರಿಗೆ ಊರೇ ಹೊಲದ ಗುಡಿಸಲಿಗೆ ಹೋಯಿತು. ಗುಡಿಸಲಲ್ಲೇ ಆಕೆ ಪ್ಲೇಗಿಗೆ ಸಿಕ್ಕಿ ಹೋದಳು. ಜಾಗ ಗೊತ್ತಿದ್ದವಳು ಅಜ್ಜಿ ಒಬ್ಬಳೇ. ಹೊಟ್ಟೆಗೆ ಇಲ್ಲದಾಗ ಹೊರತು ತೆಗೆಯಬೇಡ ಎಂದು ಅತ್ತೆ ಹೇಳಿದ್ದರಿಂದ, ನಲವತ್ತು ವರ್ಷಕ್ಕೂ ಮೇಲೆ ಅದರ ಸುದ್ದಿಗೆ ಹೋಗಿರಲಿಲ್ಲ. ಸ್ವಲ್ಪ ಕಷ್ಟದ ವರ್ಷಗಳು ನಡುವೆ ಬಂದು ಹೋಗಿದ್ದವು. ಆಗೆಲ್ಲ, ಇನ್ನೂ ಒಂದು ಹೊತ್ತು ಉಣ್ಣುತ್ತಿದ್ದೇವಲ್ಲ ಎಂದು ಸುಮ್ಮನಿದ್ದಳಂತೆ.

ತಿಮ್ಮಪ್ಪನವರು, ನೆಲದೊಳಗಿನ ಧಾನ್ಯ ಅಷ್ಟು ವರ್ಷ ಉಳಿಯುತ್ತದೆಯೇ, ಉಳಿದರೂ ಅದು ಮಣ್ಣಾಗಿರುತ್ತದೆ ಎಂದರು. ಮಾವನಿಗೆ ಬೇರೆ ಅಳುಕು. ಧಾನ್ಯ ಬಚ್ಚಿಟ್ಟಿದ್ದಾರೆ ಎಂಬ ಮಾತು ಬಂದರೆ? ಕತ್ತಲಾದ ಮೇಲೆ ತೆಗೆಯೋಣವೇ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಅಜ್ಜಿ ಅದಕ್ಕೆ ಒಪ್ಪಲಿಲ್ಲ. ಪಟೇಲರನ್ನು ಕರೆದು ನಡುಹಗಲಲ್ಲಿ ಅವರ ಎದುರಿಗೇ ತೆಗೆಯಬೇಕು, ನಮ್ಮ ಬಾಯಿಗೆ ಬೇಕಾದಷ್ಟು ಅಳೆದುಕೊಂಡು ಉಳಿದದ್ದನ್ನು ಊರಿನ ಮನೆಗಳಿಗೆ ಕೊಡಬೇಕು ಎಂದಳು.

ತೆಗೆಯಬೇಕಾದರೆ ಮೊದಲು ಅದು ಸಿಕ್ಕಬೇಕಲ್ಲ. ಒರಳುಕಲ್ಲಿನಿಂದ ಬೇಲಿಯ ಕಡೆಗೆ ಹದಿನೆಂಟು ಹೆಜ್ಜೆ ಎಂದು ಅಜ್ಜಿಯ ಅತ್ತೆ ಹೇಳಿದ್ದಳು. ಆದರೆ ಪ್ಲೇಗು ಇಳಿದ ಮೇಲೆ ಮನೆಯನ್ನು ಕೆಡವಿ ಮತ್ತೆ ಕಟ್ಟಿದ್ದರು. ಒರಳುಕಲ್ಲು ಜಾಗ ಬದಲಾಯಿಸಿತ್ತು. ಕೊಟ್ಟಿಗೆ ಬದಲಾಯಿಸಿತ್ತು. ಬೇಲಿ ಮುಂದಕ್ಕೆ ಹೋಗಿತ್ತು. ಹಿತ್ತಿಲಿನಲ್ಲಿ ಎಲ್ಲ ಕಡೆಗೂ ಒಂದೇ ಥರದ ಗಟ್ಟಿ ಕೆಂಪು ನೆಲ. ಮಾವ ಮತ್ತು ನಮ್ಮ ಯಜಮಾನರು ಮೂರು ಕಡೆ ಅಗೆದು ಕಲ್ಲು ಹತ್ತಿದ ಮೇಲೆ ಗುದ್ದಲಿ ಇಟ್ಟುಬಿಟ್ಟರು.

ಅಜ್ಜಿ ಎರಡು ದಿನ ಹಿತ್ತಿಲ ಬಾಗಿಲಲ್ಲಿ ಸುಮ್ಮನೆ ಕೂತಿದ್ದಳು. ಮೂರನೆಯ ದಿನ ಒನಕೆ ತರಲು ಹೇಳಿದಳು. ದನಕರುಗಳನ್ನು ಹೊರಗೆ ಹೊಡೆಸಿ, ಮಕ್ಕಳನ್ನು ಕೆರೆಯ ಕಡೆಗೆ ಕಳಿಸಿ, ಯಾರೂ ಮಾತಾಡಕೂಡದು ಎಂದಳು. ನನ್ನ ಹೆಗಲು ಹಿಡಿದುಕೊಂಡು ಅಂಗಳದಲ್ಲಿ ನಿಂತು, ಮುಖವೆತ್ತಿ ಬಿಸಿಲು ಯಾವ ಕೆನ್ನೆಗೆ ಬೀಳುತ್ತಿದೆ ನೋಡಿಕೊಂಡಳು. ಹಳೆಯ ಮನೆಯ ಹಿಂಬಾಗಿಲು ಇದ್ದ ಕಡೆಗೆ ತಿರುಗಿದಳು. ಆಮೇಲೆ ಗಿಡ್ಡ ಹೆಂಗಸೊಬ್ಬಳ ಹೆಜ್ಜೆಯಂತೆ ತನ್ನ ಹೆಜ್ಜೆಗಳನ್ನು ಚಿಕ್ಕದು ಮಾಡಿಕೊಂಡು ನಡೆಯತೊಡಗಿದಳು. ತನ್ನ ಅತ್ತೆ ತನಗಿಂತ ಗೇಣು ಗಿಡ್ಡ ಇದ್ದಳೆಂದು ಆಮೇಲೆ ಹೇಳಿದಳು. ನಿಂತ ಕಡೆ ನಾನು ಒನಕೆ ಕುಟ್ಟಬೇಕು, ಅವಳು ಕೇಳಬೇಕು. ಕುಟ್ಟಿದೆ. ಅವಳು ತಲೆಯಾಡಿಸಿದಳು. ಒಂದು ಮಾರು ಎಡಕ್ಕೆ. ಮತ್ತೆ ಕುಟ್ಟಿದೆ. ಇಲ್ಲ. ಹುಣಸೆಮರದ ಕಡೆಗೆ ಎರಡು ಹೆಜ್ಜೆ. ಹೀಗೆ ಇಪ್ಪತ್ತು ಮೂವತ್ತು ಸಲ ಆಗಿರಬೇಕು. ನನ್ನ ಅಂಗೈ ಬೊಬ್ಬೆ ಬಂತು. ನನಗೆ ಎಲ್ಲ ಸದ್ದೂ ಒಂದೇ.

ಒಮ್ಮೆ ಕುಟ್ಟಿದಾಗ ಅವಳ ಬೆರಳುಗಳು ನನ್ನ ಹೆಗಲನ್ನು ಒತ್ತಿದವು. "ಇನ್ನೊಂದ್ ಸಲ" ಎಂದಳು. ಕುಟ್ಟಿದೆ. ಆಗ ನನಗೂ ಕೇಳಿಸಿತು. ಎಲ್ಲೋ ಬಹಳ ಕೆಳಗೆ, ಮುಚ್ಚಿದ ಬಾಗಿಲಿನಾಚೆ ಯಾರೋ ಗುಮ್ಮೆಂದಂತೆ. ಅಜ್ಜಿ ಅಲ್ಲೇ ಕೂತು ಎರಡೂ ಕೈಯನ್ನು ನೆಲದ ಮೇಲೆ ಊರಿ, "ಇಲ್ಲೇ ಅವ್ಳೆ" ಎಂದಳು. ಇಲ್ಲಿದೆ ಎನ್ನಲಿಲ್ಲ.

ಮೊಣಕಾಲುದ್ದ ಅಗೆಯುವಷ್ಟರಲ್ಲಿ ಚಪ್ಪಡಿ ಸಿಕ್ಕಿತು. ಪಟೇಲರು ಬಂದರು, ಅರ್ಧ ಊರು ಬಂತು. ಅವತ್ತು ಊರಲ್ಲಿ ಖಾದರ್ ಸಾಬರೂ ಇದ್ದರು. ಮದ್ದೂರಿನವರು, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು. ಕಲಾಯಿಯ ತವರ ಹಡಗಿನಲ್ಲಿ ಬರುತ್ತಿದ್ದದ್ದು ಯುದ್ಧದಿಂದ ನಿಂತುಹೋಗಿ ಕೆಲಸವಿಲ್ಲದೆ, ತೂತು ಬಿದ್ದ ಕೊಡ ಬೆಸೆಯುತ್ತ ಬೆಂಕಿ ಊದುವ ತಮ್ಮ ತೊಗಲಿನ ತಿದಿಯನ್ನು ಹೊತ್ತುಕೊಂಡು ಊರೂರು ಸುತ್ತುತ್ತಿದ್ದರು.

ಚಪ್ಪಡಿ ಸರಿಸಿದಾಗ ಎದ್ದ ಘಾಟಿಗೆ ಎಲ್ಲರೂ ಹಿಂದಕ್ಕೆ ಸರಿದರು. ಮೇಲೆ ಒಬ್ಬ ಮನುಷ್ಯ ತೂರುವಷ್ಟು ಬಾಯಿ, ಒಳಗೆ ಗುಡಾಣದಂಥ ಹೊಟ್ಟೆ. ಅಜ್ಜಿ ಒಂದು ಹಣತೆ ಹಚ್ಚಿಸಿ ದಾರ ಕಟ್ಟಿ ಇಳಿಸಲು ಹೇಳಿದಳು. ಒಂದು ಮೊಳ ಇಳಿಯುತ್ತಲೇ ದೀಪ ಆರಿತು. ಊದಿದ ಹಾಗೆ ಅಲ್ಲ, ಯಾರೋ ಎರಡು ಬೆರಳಲ್ಲಿ ಚಿವುಟಿದ ಹಾಗೆ. ಗಾಳಿಯೇ ಇರಲಿಲ್ಲ. ನಾನು ಮತ್ತೆ ಹಚ್ಚಿ ಇಳಿಸಿದೆ. ಅದೇ ಜಾಗದಲ್ಲಿ ಮತ್ತೆ ಆರಿತು. ಕಣ್ಣಿಗೆ ಕಾಣದ ಒಂದು ನೀರು ಅಲ್ಲಿಯವರೆಗೆ ತುಂಬಿದೆ ಅನ್ನಿಸಿತು. ಇವತ್ತು ಯಾರೂ ಇಳಿಯಕೂಡದು, ಬಾಯಿ ತೆರೆದೇ ಇರಲಿ, ಹೊಂಗೆಕೊಂಬೆ ಕಟ್ಟಿ ಮೇಲೆ ಕೆಳಗೆ ಆಡಿಸುತ್ತಿರಿ ಎಂದಳು ಅಜ್ಜಿ.

ಮಾರನೆಯ ದಿನ ಮಧ್ಯಾಹ್ನ ಹಣತೆ ಕೆಳಗಿನವರೆಗೂ ಉರಿಯಿತು. ನಮ್ಮ ಯಜಮಾನರು ಇಳಿಯುವುದೆಂದಾಯಿತು. ತೆಳ್ಳಗಿದ್ದರು, ಬಾಯಿ ಚಿಕ್ಕದಿತ್ತು. ಅಜ್ಜಿ ಹಗ್ಗವನ್ನು ತಾನೇ ಅವರ ಕಂಕುಳಡಿ ಸುತ್ತಿ ಗಂಟು ಹಾಕಿದಳು. ಇಳಿದವರು ಮೇಲಿನಿಂದ ಕೂಗಿದಾಗಲೆಲ್ಲ ಓಗೊಡಬೇಕು, ಒಂದೇ ಒಂದು ಸಲ ಓಗೊಡದಿದ್ದರೂ ಎಳೆಯಬೇಕು ಎಂದು ಹಗ್ಗ ಹಿಡಿದವರಿಗೆ ಹೇಳಿದಳು. ಹಗ್ಗ ಹಿಡಿದವರು ಮಾವ, ತಿಮ್ಮಪ್ಪನವರು, ಖಾದರ್ ಸಾಬರು, ಇನ್ನೊಬ್ಬರು. ಕೂಗಲು ಅಜ್ಜಿಯೇ ಬಾಯಿಯ ಅಂಚಿನಲ್ಲಿ ಕೂತಳು.

"ನಂಜುಂಡ" ಎಂದಳು. ಕೆಳಗಿನಿಂದ "ಆ" ಎಂದರು. ಅವರು ರಾಗಿಯ ಮೇಲಿನ ಹುಲ್ಲು ಬಗೆಯುತ್ತಿದ್ದ ಸದ್ದು ಬರುತ್ತಿತ್ತು. ಎರಡು ಸಲ ಕೂಗುವಷ್ಟರಲ್ಲಿ ಅಜ್ಜಿಗೆ ಘಾಟು ಹತ್ತಿ ಕೆಮ್ಮು ಬಂತು. ನಿಲ್ಲಲಿಲ್ಲ. ಅವಳು ಕೈಚಾಚಿ ನನ್ನ ಸೆರಗು ಹಿಡಿದು ಕೂರಿಸಿಕೊಂಡಳು.

"ನೀನು ಕೂಗವ್ವ."

ನಾನು ಬಗ್ಗಿ "ರೀ" ಎಂದೆ. ಸುತ್ತ ನಿಂತವರು ನಕ್ಕರು. ನನ್ನ ದನಿ ನನಗೇ ಕೇಳಿಸಿರಲಿಲ್ಲ.

"ಅದ್ಯಾರ್ ಕಿವಿಗೆ ಬೀಳ್ತದೆ? ಎಸ್ರು ಇಡ್ದು ಕೂಗು."

ಗಂಡನ ಹೆಸರನ್ನು ಅದುವರೆಗೆ ನಾನು ಮನಸ್ಸಿನಲ್ಲಿಯೂ ಪೂರ್ತಿ ಹೇಳಿಕೊಂಡವಳಲ್ಲ. ಊರೆಲ್ಲ ನಿಂತಿದೆ, ಮಾವ ನಿಂತಿದ್ದಾರೆ. ಕಣ್ಣು ಮುಚ್ಚಿಕೊಂಡು "ನಂಜುಂಡಾ" ಎಂದೆ. ಕೆಳಗಿನ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಅವರು ನಗುತ್ತಲೇ "ಆ" ಎಂದರು. ಮತ್ತೆ ಕೂಗಿದೆ. ಮತ್ತೆ "ಆ" ಎಂದರು. ಹಾರೆ ರಾಗಿಗೆ ನಾಟಿದ ಮೆತ್ತನೆ ಸದ್ದು ಬಂತು. ಮೂರನೆಯ ಸಲ ಕೂಗಿದೆ. ಉತ್ತರ ಬರಲಿಲ್ಲ.

ಹೆಂಡತಿ ಹೆಸರು ಹಿಡಿದು ಕೂಗಿದ್ದಕ್ಕೆ ನಾಚಿಕೊಂಡು ಆಟ ಆಡುತ್ತಿದ್ದಾನೆ, ಇನ್ನೊಂದು ಸಲ ಕೂಗಲಿ ಎಂದು ಯಾರೋ ಅಂದರು. ಅಜ್ಜಿ ಕೆಮ್ಮುತ್ತಲೇ ಹಗ್ಗಕ್ಕೆ ಕೈ ಹಾಕಿಬಿಟ್ಟಿದ್ದಳು.

"ಎಳೀರ್ಲಾ" ಎಂದಳು. ಜೋರಾಗಿ ಹೇಳಲಿಲ್ಲ. ಆದರೆ ನಾಲ್ಕು ಗಂಡಸರೂ ಒಟ್ಟಿಗೆ ಎಳೆದರು.

ಅವರು ಮೇಲೆ ಬಂದಾಗ ಕತ್ತು ಎದೆಯ ಮೇಲೆ ಬಿದ್ದಿತ್ತು. ಮುಖ ಬೂದಿಯ ಬಣ್ಣ. ಹಗೇವಿನ ಬಾಯಿಯ ಅಂಚಿಗೆ ಅವರ ಭುಜ ಸಿಕ್ಕಿಕೊಂಡು ಹಗ್ಗ ಕಲ್ಲಿಗೆ ಉಜ್ಜಿತು, ಹರಿಯಲಿಲ್ಲ. ನೆಲದ ಮೇಲೆ ಮಲಗಿಸಿದರೆ ಎದೆ ಆಡುತ್ತಿಲ್ಲ. ನಾನು ಕೂಗುವುದನ್ನು ನಿಲ್ಲಿಸಿರಲಿಲ್ಲವಂತೆ. ನನಗೆ ಅದು ನೆನಪಿಲ್ಲ. ನೆನಪಿರುವುದು ಖಾದರ್ ಸಾಬರು ಓಡಿಹೋಗಿ ತಿದಿ ತಂದದ್ದು. ಅದರ ಮೂತಿಯನ್ನು ಯಜಮಾನರ ಮುಖದ ಹತ್ತಿರ ಹಿಡಿದು, ಕಲಾಯಿ ಬೆಂಕಿಗೆ ಊದುವ ಹಾಗೆ ಮೆಲ್ಲಗೆ, ಒಂದೇ ಸಮನೆ ಒತ್ತಿದರು. ಅಜ್ಜಿ ಅವರ ತಲೆಯನ್ನು ಹಿಂದಕ್ಕೆ ಬಾಗಿಸಿ, ಎದೆಯ ಮೇಲೆ ಅಂಗೈ ಇಟ್ಟು ಒತ್ತುತ್ತ ಬಿಡುತ್ತ ಇದ್ದಳು. ಹಿತ್ತಿಲಿನಲ್ಲಿ ನನಗೆ ಕೇಳಿಸಿದ್ದು ತಿದಿಯ ಉಸಿರಾಟ ಒಂದೇ. ಎಷ್ಟು ಹೊತ್ತೋ. ಆಮೇಲೆ ಅವರ ಗಂಟಲಿನಲ್ಲಿ ಗೊರಕ್ ಎಂದಿತು. ಕೆಮ್ಮಿದರು. ವಾಂತಿ ಮಾಡಿಕೊಂಡರು. ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

"ಬಂದೆ ಕಣೆ" ಎಂದರು.

ಖಾದರ್ ಸಾಬರು ತಿದಿ ಕೆಳಗಿಟ್ಟು ತಮ್ಮ ಕೈ ನೋಡಿಕೊಂಡರು. "ಅಲ್ಲಾನೇ ಊದಿದ್ದಮ್ಮ, ನಾನು ಒತ್ತಿದ್ದು ಅಷ್ಟೆ" ಎಂದು ಅಜ್ಜಿಗೆ ಹೇಳಿದರು. ಅಜ್ಜಿ ಕೈ ಮುಂದಕ್ಕೆ ಚಾಚಿ ಹುಡುಕಿ ಅವರ ಎರಡೂ ಕೈಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು.

ಮೇಲಿನ ಗಾಳಿ ಹೊಸದಾಗಿದ್ದರೂ ರಾಗಿಯನ್ನು ಕೆದಕಿದಾಗ ಅದರೊಳಗೆ ಅಡಗಿದ್ದ ಹಳೆಯ ಗಾಳಿ ಎದ್ದಿತ್ತು. ಆಮೇಲೆ ಎರಡು ದಿನ ಖಾದರ್ ಸಾಬರು ತಿದಿಗೆ ಉದ್ದನೆಯ ಬಿದಿರುಕೊಳವೆ ಜೋಡಿಸಿ ಕೆಳಗಿನವರೆಗೆ ಗಾಳಿ ತುಂಬಿದರು. ಒಬ್ಬರು ಊದುತ್ತಿದ್ದಂತೆ ಇನ್ನೊಬ್ಬರು ಇಳಿದು, ಎಂಟು ಹತ್ತು ಮೊರ ತುಂಬಿ, ಮೇಲೆ ಬಂದು ಸುಧಾರಿಸಿಕೊಳ್ಳಬೇಕು. ಮೇಲಿನ ಒಂದು ಗೇಣು ರಾಗಿ ಕಪ್ಪಾಗಿ ಗಡ್ಡೆ ಕಟ್ಟಿತ್ತು. ಅದನ್ನು ಕಂಡು ತಿಮ್ಮಪ್ಪನವರು ನನ್ನ ಕಡೆ ನೋಡಿ ತಲೆಯಾಡಿಸಿದರು. ಅದರ ಕೆಳಗಿನದು ಬಂದಾಗ ಎಲ್ಲರೂ ಬಗ್ಗಿ ನೋಡಿದರು. ಬಿಸಿಲಿಗೆ ಚಾಪೆಯ ಮೇಲೆ ಸುರಿದ ಆ ರಾಗಿ ಕಡುಗೆಂಪು. ಕಾಳು ಕಾಳೂ ಬಿಡಿ. ನಿನ್ನೆ ಕಣದಲ್ಲಿ ತೂರಿ ತಂದಂತೆ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು, ಅಲ್ಲಿ ನಿಂತಿದ್ದ ಗಂಡಸರಲ್ಲಿ ಅರ್ಧ ಜನ ಹುಟ್ಟುವ ಮೊದಲು, ಯಾವುದೋ ಬಿಸಿಲು ತಿಂದು ಮಾಗಿದ ರಾಗಿ ಅದು. ಕೈಯೊಳಗೆ ತೆಗೆದುಕೊಂಡರೆ ತಣ್ಣಗಿತ್ತು. ಮಾವ ಬಗ್ಗಿ ನೆಲ ಮುಟ್ಟಿ ಹಣೆಗೆ ಹಚ್ಚಿಕೊಂಡರು. ಪಟೇಲರು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು.

ಅಜ್ಜಿ ನಾಲ್ಕು ಕಾಳು ಬಾಯಿಗೆ ಹಾಕಿ ಅಗಿದಳು. ಬಹಳ ಹೊತ್ತು ಅಗಿದಳು. ತೊಳೆದು ಮೂರು ಬಿಸಿಲು ಒಣಗಿಸಿ, ಮೊದಲು ಕೋಳಿಗೆ ಹಾಕಿ ನೋಡಿ, ಆಮೇಲೆ ಬೀಸಿ ಎಂದಳು. ಮೊದಲ ಮುದ್ದೆಗೆ ಆ ಘಾಟು ಸ್ವಲ್ಪ ಇತ್ತು. ಹುರುಳಿಯ ಸಾರಿನ ಜೊತೆ ಅದೂ ಗೊತ್ತಾಗಲಿಲ್ಲ. ಲಕ್ಷ್ಮಮ್ಮನ ಕಡೆಯ ಮಗು ಎರಡು ಮುದ್ದೆ ತಿಂದು ಕೂತಲ್ಲೇ ನಿದ್ದೆ ಹೋಯಿತು. ತಿಮ್ಮಪ್ಪನವರು ಊಟದ ನಡುವೆ ಕೈ ನಿಲ್ಲಿಸಿ, ಈ ತುತ್ತು ಇಟ್ಟವಳಿಗೆ ನಾನು ಯಾರೆಂದೇ ಗೊತ್ತಿರಲಿಲ್ಲವಲ್ಲ ಎಂದರು. ಅಷ್ಟು ಹೇಳಿ ಮುಖ ಆ ಕಡೆ ತಿರುಗಿಸಿಕೊಂಡರು.

ಅಜ್ಜಿ ಹೇಳಿದ್ದಂತೆಯೇ ಆಯಿತು. ಪಟೇಲರ ಎದುರಿಗೆ ನಮಗೆ ಕಟಾವಿನವರೆಗೆ ಬೇಕಾದದ್ದನ್ನು ಬಿಟ್ಟು ಉಳಿದದ್ದು ಊರಿನ ಮನೆಗಳಿಗೆ ಹೋಯಿತು. ಖಾದರ್ ಸಾಬರ ಮನೆಗೆ ಎರಡು ಚೀಲ ಗಾಡಿಯಲ್ಲಿ ಮದ್ದೂರಿಗೆ ಹೋಯಿತು. ಅವರು ಬೇಡವೆಂದರೆ ಅಜ್ಜಿ ಕೇಳಲಿಲ್ಲ. ಆ ಶ್ರಾವಣದಿಂದ ಸುಗ್ಗಿಯವರೆಗೆ ನಮ್ಮ ಕೊಪ್ಪಲಿನಲ್ಲಿ ಒಲೆ ಹಚ್ಚದ ಮನೆ ಇರಲಿಲ್ಲ. ಸುತ್ತಿನ ಊರುಗಳಲ್ಲಿ ಜನ ಕೂಲಿ ಹುಡುಕಿಕೊಂಡು ಮಂಡ್ಯದ ಕಡೆಗೆ ನಡೆದುಹೋಗುತ್ತಿದ್ದದ್ದನ್ನು ನಾನು ನೋಡಿದ್ದೇನೆ.

ಯಜಮಾನರಿಗೆ ಒಂದು ತಿಂಗಳು ತಲೆನೋವು ಬಿಡಲಿಲ್ಲ. ಅಷ್ಟು ದಿನ ನಾನು ಅವರ ಹತ್ತಿರ ಕೂತಿರುವುದನ್ನು ಯಾರೂ ಆಡಿಕೊಳ್ಳಲಿಲ್ಲ. ಆ ತಿಂಗಳಿನಲ್ಲಿ ನಾವು ಗಂಡಹೆಂಡತಿಯಾದೆವು ಎನ್ನಬಹುದು. ಕೆಳಗೆ ಏನು ಕಂಡಿತು ಎಂದು ಒಮ್ಮೆ ಕೇಳಿದೆ. ಏನೂ ಕಾಣಲಿಲ್ಲ, ಬಹಳ ಸುಖವಾಗಿ ನಿದ್ದೆ ಬಂತು, ಯಾರೋ ಬಿಡದೆ ಕರೆಯುತ್ತಿದ್ದರು, ಅದಕ್ಕೇ ಸಿಟ್ಟು ಬಂತು ಎಂದರು.

ರಾಗಿ ಕಟಾವಾಗಿ ಕಣಕ್ಕೆ ಬಂದಾಗ ಬಾಂಬಿನ ಭಯ ಇಳಿದಿತ್ತು. ತಿಮ್ಮಪ್ಪನವರು ಬೆಂಗಳೂರಿಗೆ ಹೊರಟು ನಿಂತಿದ್ದರು. ಆದರೆ ಹಗೇವು ತುಂಬುವವರೆಗೆ ಹೋಗುವುದಿಲ್ಲವೆಂದು ಎಂಟು ದಿನ ತಡೆದರು. ಒಳಗೆ ಬೆಂಕಿ ಹಾಕಿ ಗೋಡೆ ಒಣಗಿಸಿ, ಸುತ್ತ ಹೊಸ ಹುಲ್ಲು ಕೊಟ್ಟು, ಆ ಗುಮಾಸ್ತರೇ ತಲೆಯ ಮೇಲೆ ಪುಟ್ಟಿ ಹೊತ್ತು ರಾಗಿ ಸುರಿದರು. ಸರ್ಕಾರಕ್ಕೆ ಕೊಡಬೇಕಾದದ್ದನ್ನು ಕೊಟ್ಟು, ಮನೆಗೆ ಬೇಕಾದದ್ದನ್ನು ಬಿಗಿಹಿಡಿದು ಅಳೆದುಕೊಂಡು, ಉಳಿದ ಅಷ್ಟಿಷ್ಟೇ ಅದಕ್ಕೆ ಹೋಯಿತು. ಅರ್ಧ ಹೊಟ್ಟೆಯೂ ತುಂಬಲಿಲ್ಲ. ಮುಂದಿನ ವರ್ಷ ಇನ್ನಷ್ಟು ಹಾಕಿದರಾಯಿತು ಎಂದಳು ಅಜ್ಜಿ. ಚಪ್ಪಡಿ ಮುಚ್ಚಿ, ಮಣ್ಣು ಸಗಣಿ ಕಲಸಿ ನಾನೂ ಅವಳೂ ಕೂತು ಅಂಚು ಮೆತ್ತಿದೆವು.

ಕೆಲಸ ಮುಗಿದ ಮೇಲೂ ಅವಳು ಏಳಲಿಲ್ಲ. ನನಗೆ ಬಹಳ ದಿನದಿಂದ ಒಂದು ಮಾತು ಕೇಳಬೇಕೆನ್ನಿಸಿತ್ತು. ನಾವು ಹದಿನಾಲ್ಕು ಜನ, ಒಂದು ಊರು, ಮದ್ದೂರಿನ ಒಂದು ಮನೆ ಹಗೇವು ತೋಡಿಸಿದವಳ ಅನ್ನ ಉಂಡೆವು. ಆದರೆ ಆಕೆಯನ್ನು ಎಲ್ಲರೂ ಅಜ್ಜಿಯ ಅತ್ತೆ ಎಂದೇ ಕರೆದೆವು. ಪ್ಲೇಗಿನಲ್ಲಿ ಹೋದವಳಿಗೆ ಕಲ್ಲಿಲ್ಲ, ಗದ್ದುಗೆಯಿಲ್ಲ. ಮಾವನಿಗೂ ಅಜ್ಜಮ್ಮ ಎಂದಷ್ಟೇ ಗೊತ್ತಿತ್ತು.

"ಅವರ ಹೆಸರೇನಜ್ಜಿ?" ಎಂದೆ.

ಅಜ್ಜಿಯ ಕೈ ಹಸಿಮಣ್ಣಿನ ಮೇಲೆ ನಿಂತಿತು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳುವುದು ನಮ್ಮ ಮನೆಗಳಲ್ಲಿ ಇಲ್ಲ. ಐದು ವರ್ಷದ ಹುಡುಗಿಯಾಗಿ ಈ ಮನೆಗೆ ಬಂದವಳು ಎಪ್ಪತ್ತು ದಾಟುವವರೆಗೆ ಆ ಹೆಸರನ್ನು ಒಮ್ಮೆಯೂ ಉಚ್ಚರಿಸಿರಲಿಲ್ಲ. ತುಟಿಗಳು ಎರಡು ಸಲ ಆಡಿದವು, ದನಿ ಬರಲಿಲ್ಲ. ನಾನು, ಹೋಗಲಿ ಬಿಡಿ ಅಜ್ಜಿ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಬಗ್ಗಿ, ಚಪ್ಪಡಿಗೆ ಬಾಯಿ ಹತ್ತಿರ ತಂದು, ಒಳಗಿರುವವರನ್ನು ಎಬ್ಬಿಸುವ ಹಾಗೆ ಮೆಲ್ಲಗೆ ಕೂಗಿದಳು.

"ಸಣ್ಣತಾಯೀ."

ಕೂಗಿ, ಕಿವಿಯನ್ನು ಕಲ್ಲಿಗೆ ಆನಿಸಿಕೊಂಡು ಕೂತಳು.